ಅಮೃತವ್ವನ ಎಳ್ಳಿನ ಡಬ್ಬಿ

ಗದಗ ಜಿಲ್ಲೆಯಾಗಿ ಐದು ತಿಂಗಳಾಗಿತ್ತು. ಬಸ್‌ಸ್ಟ್ಯಾಂಡಿನ ಬೋರ್ಡಿಗೆ ಹೊಸ ಬಣ್ಣ ಬಿದ್ದಿತ್ತು, ಕಚೇರಿಗಳಿಗೆ ಹೊಸ ಸಾಹೇಬರು ಬಂದಿದ್ದರು. ಬೆಟಗೇರಿಯ ನೇಕಾರ ಓಣಿಯ ನಳಕ್ಕೆ ಮಾತ್ರ ಹಳೆಯ ಕೆಮ್ಮೇ ಇತ್ತು. ಆ ಓಣಿಯಲ್ಲಿ ನೀಲಪ್ಪನ ತಾಯಿ ಅಮೃತವ್ವ ಜಿಲ್ಲೆಯ ಸುದ್ದಿಯನ್ನು ತನಗೆ ಬೇಕಾದ ಕಡೆ ತಿರುಗಿಸಿಕೊಂಡಿದ್ದಳು.

“ತಾಲೂಕ ಇದ್ದದ್ದು ಜಿಲ್ಲಾ ಆತು. ಇನ್ನ ನಮ್ಮ ಮನ್ಯಾಗಿನ ತಾಲೂಕೊಂದು ಜಿಲ್ಲಾ ಆದ್ರ ನಾ ಕಣ್ಣ ಮುಚ್ಚಾಕ ಅಡ್ಡಿಯಿಲ್ಲ,” ಎಂದು ಮೊಮ್ಮಗಳು ರೇಷ್ಮಾಳನ್ನು ಮೇಲಿಂದ ಕೆಳಗಿನ ತನಕ ನೋಡುತ್ತಿದ್ದಳು.

ಹದಿಮೂರು ವರ್ಷದ ರೇಷ್ಮಾ ಸುಮ್ಮನೆ ಬಿಡುವವಳಲ್ಲ. ನೂಲಿನ ಕಂಡಿಕೆ ಸುತ್ತುತ್ತಿದ್ದ ರಾಟಿ ಬಿಟ್ಟು ಎದ್ದು, ಮಂತ್ರಿಯ ಹಾಗೆ ಇಲ್ಲದ ಹೊಟ್ಟೆಯನ್ನು ಮುಂದೆ ಮಾಡಿ, ಇಲ್ಲದ ಮೈಕಿಗೆ ಎರಡು ಸಲ ಊದಿದಳು. “ಮಹಾಜನಗಳೇ, ಈ ಹುಡುಗಿಯನ್ನು ಜಿಲ್ಲೆಯೆಂದು ಘೋಷಿಸಲು ನನಗೆ ಅತೀವ ಸಂತೋಷವಾಗುತ್ತಿದೆ. ಆದರೆ ಅನುದಾನ ಬಂದಿಲ್ಲ.”

ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತಿದ್ದ ನೀಲಪ್ಪ ಲಾಳಿ ಕೈಬಿಟ್ಟು ನಕ್ಕ. ಅಮೃತವ್ವ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆ ಹುಡುಗಿಯ ಗಂಟಲಿನಲ್ಲಿ ಅರ್ಧ ಊರು ಬಾಡಿಗೆಗಿತ್ತು. ಕಂಡಕ್ಟರನ ‘ಲಕ್ಷ್ಮೇಶ್ವರ ಲಕ್ಷ್ಮೇಶ್ವರ ಶಿರಹಟ್ಟೀ’ಯನ್ನು ಒಂದೇ ಉಸಿರಿಗೆ ಒದರುತ್ತಿದ್ದಳು. ಹಳೆಯ ಸೀರೆಗೆ ಪಾತ್ರೆ ಕೊಡುವ ಮಕ್ತುಮಸಾಬನ ಕೂಗನ್ನು ಒಮ್ಮೆ ಎಷ್ಟು ಚೊಕ್ಕ ಮಾಡಿದ್ದಳೆಂದರೆ, ಓಣಿಯ ನಾಲ್ಕು ಹೆಂಗಸರು ಹರಕು ಸೀರೆ ಹಿಡಿದು ಹೊರಗೆ ಬಂದು ನಿಂತಿದ್ದರು. ಆಯುಷ್ಯವೆಲ್ಲ ಹತ್ತಿ ನೇಯ್ದ ನೀಲಪ್ಪ, “ನೇಯಾಕಂತೂ ಸಿಗಲಿಲ್ಲ, ದಿನಾ ಕರಿಯಾಕರ ಸಿಗ್ಲಿ,” ಎಂದು ಅವಳಿಗೆ ಆ ಹೆಸರಿಟ್ಟಿದ್ದ.

ಜಿಲ್ಲೆಯ ಮಾತಿಗೆ ನಗದವಳು ಒಬ್ಬಳೇ, ಅವಳ ತಾಯಿ ಮುತ್ತವ್ವ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವಳ ಕೈ ಆ ದಿನ ಹಿಟ್ಟಿಗಿಂತ ಹೆಚ್ಚು ನಾದುವ ಕೊಣಮಿಗೆಯನ್ನೇ ಬಡಿಯುತ್ತಿತ್ತು.

ಕಾರಣವಿತ್ತು. ಅಮೃತವ್ವನ ತವರು ಅಡರಕಟ್ಟಿ. ಮುತ್ತವ್ವ ಅವಳ ಅಣ್ಣನ ಮಗಳು. ಹದಿಮೂರಕ್ಕೆ ಸೊಸೆಯಾಗಿ ಬಂದವಳು. ರೇಷ್ಮಾ ತೊಟ್ಟಿಲಲ್ಲಿದ್ದಾಗ ಅಮೃತವ್ವ ತೊಟ್ಟಿಲ ಹಗ್ಗ ಹಿಡಿದು, ತವರಿನವರ ಮುಂದೆ ಹೇಳಿದ್ದಳು: “ನಿಮ್ಮ ಮನೀದೊಂದು ತಂದೀನಿ, ನಮ್ಮ ಮನೀದೊಂದು ಕೊಡ್ತೀನಿ. ಈ ಕೂಸು ಹೊನ್ನೇಶಂದು.” ಹೊನ್ನೇಶನೆಂದರೆ ಮುತ್ತವ್ವನ ತಮ್ಮ, ರೇಷ್ಮಾಳ ಸೋದರಮಾವ. ಆಗ ಹದಿನಾಲ್ಕರ ಹುಡುಗ, ಈಗ ಇಪ್ಪತ್ತೇಳು. ಅಡರಕಟ್ಟಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಕುಡಿಯುವವನಲ್ಲ, ಬೈಯುವವನಲ್ಲ. ಬಂದಾಗೊಮ್ಮೆ ಪೇಡೆ ತರುತ್ತಿದ್ದ, ರೇಷ್ಮಾಳ ಆಟಕ್ಕೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ಬೈಯಲು ಅವನಲ್ಲಿ ಏನೂ ಇರಲಿಲ್ಲ ಎನ್ನುವುದೇ ಮುತ್ತವ್ವನಿಗೆ ದೊಡ್ಡ ತೊಡಕಾಗಿತ್ತು.

ಆದರೆ ಮುತ್ತವ್ವ ಹದಿನಾಲ್ಕು ತುಂಬುವ ಮೊದಲೇ ಹಡೆದವಳು. ಮೊದಲನೆಯದು ಅಳಲೇ ಇಲ್ಲ. ಎರಡನೆಯದು ಒಂಬತ್ತು ದಿನ ಅತ್ತಿತು. ಮೂರನೆಯದು ರೇಷ್ಮಾ. ನಾಲ್ಕನೆಯದು ಆಗಲಿಲ್ಲ.

ರೇಷ್ಮಾಳ ಶಾಲೆಯ ಸಾಬೀರಾ ಅಕ್ಕೋರು ಒಂದು ದಾರಿ ಹೇಳಿದ್ದರು. ಏಳನೇ ಇಯತ್ತೆಯ ಪರೀಕ್ಷೆ ಪಾಸಾದರೆ ಗದಗಿನಲ್ಲಿ ಹೆಣ್ಣುಮಕ್ಕಳ ಹಾಸ್ಟೆಲು. ಊಟ, ಅರಿವೆ, ಹತ್ತನೇ ತನಕ ಶಾಲೆ. ಏಪ್ರಿಲ್ಲಿನಲ್ಲಿ ಫಾರ್ಮು ಬರುತ್ತದೆ, ತಂದೆಯ ಸಹಿ ಬೇಕು. ಮುತ್ತವ್ವ ಎರಡು ತಿಂಗಳು ಬೆನ್ನು ಹತ್ತಿ ನೀಲಪ್ಪನ ಬಾಯಿಂದ ಒಂದು ಮಾತು ತೆಗೆದಿದ್ದಳು.

“ಆತು. ಪಾಸಾದ್ರ ಸಹಿ ಮಾಡ್ತೀನಿ. ಆದ್ರ ದೊಡ್ಡಾಕಿ ಆಗೂತನಕ ಕಲೀಲಿ. ಆದಮ್ಯಾಲ ಅವ್ವನ ಮಾತು.”

ಹೀಗಾಗಿ ಒಂದೇ ಮನೆಯಲ್ಲಿ ಇಬ್ಬರು ಹೆಂಗಸರು ಒಂದೇ ದಿನಕ್ಕೆ ಬೇರೆ ಬೇರೆ ತಯಾರಿ ನಡೆಸಿದ್ದರು. ಅಮೃತವ್ವ ಅಟ್ಟದ ಮೇಲಿನ ತಗಡಿನ ಡಬ್ಬಿಯಲ್ಲಿ ಎಳ್ಳು ತುಂಬಿದ್ದಳು. ಆ ಎಳ್ಳಿನಿಂದ ಚಿಗಳಿ ಉಂಡೆ ಕುಟ್ಟಲು ಬೆಲ್ಲ, ಉಡಿ ತುಂಬಲು ಕೊಬ್ಬರಿ ಬಟ್ಟಲು, ಹುಡುಗಿಯನ್ನು ಕೂಡಿಸಲು ತೊಳೆದಿಟ್ಟ ಮಣೆ. ಮುತ್ತವ್ವ ತನ್ನ ಹಳೆಯ ಸೀರೆಯೊಂದನ್ನು ಹರಿದು, ಮಡಚಿ, ಕಂಡಿಕೆ ಬುಟ್ಟಿಯ ತಳಕ್ಕೆ ಇಟ್ಟಿದ್ದಳು. ಆ ಬುಟ್ಟಿಗೆ ತಾಯಿ ಮಗಳು ಬಿಟ್ಟು ಮತ್ತೊಬ್ಬರು ಕೈ ಹಾಕುತ್ತಿರಲಿಲ್ಲ.

ಒಂದು ಮಧ್ಯಾಹ್ನ ತಲೆ ಬಾಚುತ್ತಾ ಮಗಳಿಗೆ ಹೇಳಿದಳು.

“ಒಂದಿನ ಕೆಳಗ ರಕ್ತ ಬರ್ತೈತಿ. ಅಂಜಬ್ಯಾಡ, ಚೀರಬ್ಯಾಡ. ನನಗ ಹೇಳು. ನನಗಷ್ಟ.”

“ಯಾಕ ಬರ್ತೈತಿ?”

“ಎಲ್ಲಾರಿಗೂ ಬರ್ತೈತಿ.”

“ಅಕ್ಕೋರಿಗೂ?”

“ಹೂಂ.”

“ಮಂತ್ರಿಗೂ?”

“ಗಂಡಸರಿಗೆ ಎಲ್ಲಿ ಬರ್ತೈತಿ?”

“ಅದಕ್ಕ ಆ ಹೊಟ್ಟಿ,” ಎಂದಳು ರೇಷ್ಮಾ. ಮುತ್ತವ್ವ ಬಾಚಣಿಗೆಯಿಂದ ತಲೆಗೊಂದು ಕುಟ್ಟಿದಳು. ಇದಕ್ಕಿಂತ ಹೆಚ್ಚು ಹೇಳಲು ಅವಳಿಗೂ ಗೊತ್ತಿರಲಿಲ್ಲ.

ಸಂಕ್ರಮಣಕ್ಕೆ ಎರಡು ದಿನವಿತ್ತು. ಅಮೃತವ್ವ ಎಳ್ಳು ಹುರಿಯಲು ಮಗ್ಗುಲ ಮನೆಯ ಉಡಚವ್ವನ ಹತ್ತಿರ ಹೋಗಿದ್ದಳು. ನೀಲಪ್ಪ ನೇಯ್ದ ಸೀರೆ ಹೊತ್ತು ಸಾವುಕಾರನ ಮನೆಗೆ ಹೋಗಿದ್ದ. ರಾಟಿಯ ಸಪ್ಪಳ ನಿಂತಿತು. ಮುತ್ತವ್ವ ತಿರುಗಿ ನೋಡಿದಳು. ರೇಷ್ಮಾ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು.

“ಅವ್ವಾ,” ಎಂದಳು, ಯಾರ ದನಿಯೂ ಇಲ್ಲದ ತನ್ನದೇ ದನಿಯಲ್ಲಿ. “ಜಿಲ್ಲಾ ಆತು.”

ಮುತ್ತವ್ವ ಅವಳನ್ನು ಬಚ್ಚಲಿಗೆ ಕರೆದೊಯ್ದಳು. ಅರಿವೆ ಹೇಗೆ ಮಡಚಬೇಕು, ಹೇಗೆ ಒಗೆಯಬೇಕು, ತನ್ನ ಸೀರೆಯ ಅಡಿಗೆ ಹೇಗೆ ಒಣ ಹಾಕಬೇಕು, ಎಲ್ಲವನ್ನೂ ಪಿಸುಮಾತಿನಲ್ಲಿ ತೋರಿಸಿದಳು. ಹುಡುಗಿ ಹೊಟ್ಟೆ ಹಿಡಿದುಕೊಂಡು ಬಗ್ಗಿದಳು.

“ಹೊಟ್ಟಿ ಹಿಡ್ಕೋಬ್ಯಾಡ. ಅಡ್ಯಾಡು. ಮೊದಲಿನಂಗ ನಗು.”

“ಮೊದಲ ಹೆಂಗ ನಗತಿದ್ನಿ?”

“ಊರ ಮಂದಿನ್ನೆಲ್ಲಾ ಮಾಡಿ ತೋರಸ್ತಿ. ನಿನ್ನಿನ ರೇಷ್ಮಾನ್ನ ಮಾಡಿ ತೋರಸು. ಏಪ್ರಿಲ್ ತನಕ. ಅಷ್ಟ.”

ರೇಷ್ಮಾ ಸ್ವಲ್ಪ ಹೊತ್ತು ಅವ್ವನ ಮುಖ ನೋಡಿದಳು. ಮುಖ ತೊಳೆದುಕೊಂಡು ಹೊರಗೆ ಹೋದಳು. ಅಮೃತವ್ವ ಬಾಗಿಲಿಗೆ ಬರುವಷ್ಟರಲ್ಲಿ ಅಂಗಳದಲ್ಲಿ ಕಂಡಕ್ಟರ್ ಒದರುತ್ತಿದ್ದ: “ಲಕ್ಷ್ಮೇಶ್ವರ ಲಕ್ಷ್ಮೇಶ್ವರ ಶಿರಹಟ್ಟೀ, ಯಜಮಾನತಿ ಹತ್ತರೀ, ಹುರದ ಎಳ್ಳಿಗೆ ಹಾಫ್ ಟಿಕೀಟು.” ಅಮೃತವ್ವ ನಗುತ್ತಾ ಮೊಮ್ಮಗಳ ಬಾಯಿಗೆ ಒಂದು ಚಿಟಿಕೆ ಎಳ್ಳು ಹಾಕಿದಳು.

ಮುಂದಿನ ತಿಂಗಳು ಗ್ರಹಚಾರ ಎನ್ನುವಂತೆ ತಾಯಿ ಮಗಳದು ಕೂಡಿಯೇ ಬಂತು. ಆ ಮನೆಯಲ್ಲಿ ಮುಟ್ಟಾದವರು ಹಿತ್ತಲ ಬಾಗಿಲ ಮಗ್ಗುಲಲ್ಲಿ ಗೋಣಿ ತಟ್ಟು ಹಾಸಿಕೊಂಡು ಮೂರು ದಿನ ಕೂಡಬೇಕು; ಒಲೆ, ದೇವರು, ಮಗ್ಗ ಮೂರನ್ನೂ ಮುಟ್ಟುವಂತಿಲ್ಲ. ಮುತ್ತವ್ವ ಕುಳಿತಳು. ಒಲೆಯ ಮುಂದೆ ರೇಷ್ಮಾ ಕುಳಿತಳು. ರೊಟ್ಟಿ ಬಡಿದಳು, ದೇವರ ಮುಂದೆ ದೀಪ ಹಚ್ಚಿದಳು, ಅಜ್ಜಿಗೆ ನೀರು ತುಂಬಿಕೊಟ್ಟಳು. ಅಮೃತವ್ವ ಎರಡನೆಯ ರೊಟ್ಟಿ ಕೇಳಿ ಹಾಕಿಸಿಕೊಂಡಳು.

“ನೋಡ ಮುತ್ತವ್ವ, ನಿನ್ನಕಿಂತ ಸವಿ ಮಾಡ್ಯಾಳ. ಎಳೀ ಕೈಯಂದ್ರ ಎಳೀ ಕೈನ.”

“ಹೂಂನ್ರಿ ಅತ್ತಿ,” ಎಂದಳು ಮುತ್ತವ್ವ ತಟ್ಟಿನ ಮೇಲಿಂದ.

“ಮಡಿ ಇದ್ದ ಕೈಗೆ ರುಚಿ ಬ್ಯಾರೆ.”

ರೇಷ್ಮಾ ಅಜ್ಜಿಯ ಬೆನ್ನ ಹಿಂದೆ ನಿಂತು ಅವಳಂತೆಯೇ ತುಟಿ ಚೂಪು ಮಾಡಿ, ಸದ್ದಿಲ್ಲದೆ ‘ರುಚಿ ಬ್ಯಾರೆ’ ಅಂದಳು. ಮುತ್ತವ್ವನಿಗೆ ನಗು ಬಂತು. ನಕ್ಕ ಮೇಲೆ ಹೆದರಿಕೆ ಬಂತು.

ಶಿವರಾತ್ರಿಯ ಹೊತ್ತಿಗೆ ಉಡಚವ್ವನ ಮೊಮ್ಮಗಳು ದೊಡ್ಡವಳಾದಳು. ರೇಷ್ಮಾಳಿಗಿಂತ ಒಂಬತ್ತು ತಿಂಗಳು ಸಣ್ಣವಳು. ಓಣಿಯೆಲ್ಲ ಆರತಿಗೆ ಹೋಗಿ ಬಂತು. ಅಮೃತವ್ವ ಬಂದವಳೇ ಸೆರಗು ಝಾಡಿಸಿ ಕುಳಿತಳು.

“ಉಡಚವ್ವ ಕೇಳಿದ್ಳು, ‘ನಿಮ್ಮಾಕಿಗೇನ ಐಬ ಐತೇನು’ ಅಂತ. ನಾಕ ಮಂದ್ಯಾಗ ಕೇಳಿದ್ಳು.”

“ಆದಾಗ ಆಗ್ತೈತಿ ಬಿಡ್ರಿ ಅತ್ತಿ. ಏನವಸರ?”

“ನಿನಗೇನವಸರ, ಕುಂತ ಹೇಳ್ತಿ. ಹೊನ್ನೇಶಗ ಗಿರಣ್ಯಾಗ ಜ್ವಾಳ ಬೀಸಸಾಕ ಬಂದವ್ರೆಲ್ಲಾ ಕೇಳ್ತಾರಂತ, ‘ನಿನ್ನ ಹಿಟ್ಟ ಯಾವಾಗಪಾ ನಾದೂದು’ ಅಂತ. ಇಪ್ಪತ್ತೇಳು ಅಂವಗ.”

“ಬ್ಯಾರೆ ಹೆಣ್ಣ ನೋಡ್ಲಿ.”

ಅಮೃತವ್ವ ಸೊಸೆಯನ್ನು ದಿಟ್ಟಿಸಿದಳು. “ನಿನ್ನ ಸ್ವಂತ ತಮ್ಮ ಅಂವಾ. ತವರಮನಿ ಬಾಗಲಾ ನೀನ ಮುಚ್ಚಾಕತ್ತಿಯೇನು?”

ಮಗ್ಗದ ಸದ್ದು ನಿಂತಿತು. “ಸುಮ್ಮನಿರ್ರಿ ಇಬ್ರೂ,” ಎಂದ ನೀಲಪ್ಪ. “ಎಳಿ ಹರೀತು.” ಮನೆಯ ಜಗಳದಲ್ಲಿ ಅವನದು ಯಾವಾಗಲೂ ಅಷ್ಟೇ ಮಾತು.

ಮಾರನೆಯ ದಿನ ಎಳ್ಳಿನ ಡಬ್ಬಿ ಅಟ್ಟದಿಂದ ಕೆಳಗಿಳಿಯಿತು. ಎಳ್ಳು ಉಷ್ಣ; ಉಷ್ಣದಿಂದ ಮೈ ಅರಳುತ್ತದೆ ಎನ್ನುವುದು ಅಮೃತವ್ವನ ವೈದ್ಯ. ದಿನಕ್ಕೆ ಎರಡು ಉಂಡೆ ಚಿಗಳಿ, ಮುಂಜಾನೆ ಒಂದು, ಸಂಜೆ ಒಂದು. ಎದುರಿಗೆ ಕೂಡಿಸಿಕೊಂಡು ತಿನ್ನಿಸಿದಳು. ಅದೂ ಸಾಲದೆಂದು ಉಡಚವ್ವ ಯಾವುದೋ ಬೇರಿನ ಪುಡಿ ಕೊಟ್ಟಳು. ಬಿಸಿನೀರಿಗೆ ಹಾಕಿ, ಬೆಲ್ಲ ಕದಡಿ, ಹೊಟ್ಟೆ ಖಾಲಿ ಇದ್ದಾಗ ಕುಡಿಸಬೇಕಂತೆ.

“ಪಿತ್ತ ಆಗ್ತೈತ್ರಿ ಅತ್ತಿ, ಪರೀಕ್ಷಾ ಬಂದಾವು,” ಎಂದಳು ಮುತ್ತವ್ವ.

“ಪರೀಕ್ಷಾ ಬರ್ತಾವು ಹೋಗ್ತಾವು.”

“ಏನ ಬೇರೋ ಏನೋ. ಬ್ಯಾಡ್ರಿ.”

“ಉಡಚವ್ವನ ಮೊಮ್ಮಗಳು ಕುಡದ ಎಂಟ ದಿನಕ್ಕ ಕುಂತ್ಳು. ಕುಡಿ ನನ್ನ ಬಂಗಾರ. ಕುಡದ್ರ ನಿಮ್ಮ ಮಾವ ಹಸರ ಸೀರಿ ತರ್ತಾನ.”

ಆ ಲೋಟವನ್ನು ತಡೆಯಲು ಒಂದೇ ಮಾತು ಸಾಕಿತ್ತು. ಆ ಮಾತು ಮುತ್ತವ್ವನ ಬಾಯಿಯ ತುದಿಗೆ ಬಂದು ನಿಂತಿತು. ಗೋಡೆಯ ಕ್ಯಾಲೆಂಡರಿನಲ್ಲಿ ಪರೀಕ್ಷೆಗೆ ಇಪ್ಪತ್ತೆರಡು ದಿನವಿತ್ತು. ರೇಷ್ಮಾ ಲೋಟದ ಅಂಚಿನ ಮೇಲಿಂದ ಅವ್ವನನ್ನೇ ನೋಡುತ್ತಿದ್ದಳು. ಮುತ್ತವ್ವ ಒಲೆಯ ಕಡೆ ತಿರುಗಿದಳು. ಹಿಂದೆ ಗಂಟಲಲ್ಲಿ ನೀರಿಳಿಯುವ ಸದ್ದು ಕೇಳಿತು.

ಮೂರನೆಯ ಸಲದ್ದು ಬಂದದ್ದು ನಿಲ್ಲಲಿಲ್ಲ. ಐದು ದಿನವಾಯಿತು, ಎಂಟಾಯಿತು. ಕಂಡಿಕೆ ಬುಟ್ಟಿಯ ತಳದ ಅರಿವೆ ಮುಗಿದು ಮುತ್ತವ್ವ ಎರಡನೆಯ ಸೀರೆ ಹರಿದಳು. ಮೂರನೆಯದನ್ನು ಮಕ್ತುಮಸಾಬನಿಗೆ ಕೊಡುತ್ತೇನೆಂದು ತೆಗೆದಿಟ್ಟಿದ್ದಳು; ಅದನ್ನೂ ಹರಿದಳು. ಬಚ್ಚಲಲ್ಲಿ ನೀರು ಹೊಯ್ದು ಹೊಯ್ದು ಕೆಂಪು ಕಾಣದಂತೆ ಮಾಡುವುದೇ ಒಂದು ಕೆಲಸವಾಯಿತು. ನಳದ ನೀರು ಎರಡು ದಿನಕ್ಕೊಮ್ಮೆ. “ಎಷ್ಟ ನೀರ ಸುರೀತಿ ಮುತ್ತವ್ವ, ಬಚ್ಚಲದಾಗ ಹೊಲಾ ಮಾಡೀಯೇನು,” ಎಂದು ಅತ್ತೆ ಬೈದಳು.

“ಅವ್ವಾ, ಕಣ್ಣಿಗೆ ಕತ್ತಲಿ ಬಂದಂಗಾಗ್ತೈತಿ,” ಎಂದಳು ರೇಷ್ಮಾ ಹನ್ನೆರಡನೆಯ ದಿನ.

“ಇನ್ನ ನಾಕ ದಿನ. ಪರೀಕ್ಷಾ ಮುಗಿಲಿ, ದವಾಖಾನಿಗೆ ಹೋಗೂಣು. ಏನಂತ ಹೇಳಿ ಕರಕೊಂಡ ಹೋಗ್ಲಿ ಈಗ?”

“ಹೊಟ್ಟಿನೋವು ಅಂತ ಹೇಳು.”

“ದವಾಖಾನಿಗೆ ನಿಮ್ಮ ಅಜ್ಜಿ ಬರದ ಬಿಡ್ತಾಳೇನು?”

ರೇಷ್ಮಾ ಗೋಡೆ ಹಿಡಿದು ಮೆಟ್ಟಿಲು ಹತ್ತುವುದನ್ನು ಕಲಿತಳು. ಅಜ್ಜಿ ನೋಡಿದರೆ ಗೋಡೆ ಬಿಟ್ಟು ಕೈ ಬೀಸುತ್ತಿದ್ದಳು. ಒಂದು ಸಂಜೆ ಅಮೃತವ್ವನೇ, “ಯಾಕ ಸಪ್ಪಗದಿ? ನಮ್ಮ ಕಂಡಕ್ಟರ ಎಲ್ಲಿ ಹೋದ?” ಎಂದು ಮಾತಾಡಿಸಿದಳು. ರೇಷ್ಮಾ ಎದ್ದು ನಿಂತು ಕಿವಿಯ ಮೇಲೆ ಇಲ್ಲದ ಪೆನ್ನು ಸಿಕ್ಕಿಸಿಕೊಂಡಳು.

“ಲಕ್ಷ್ಮೇಶ್ವರ ಲಕ್ಷ್ಮೇಶ್ವರ ಶಿರ...”

ಉಸಿರು ಅಲ್ಲಿಗೆ ಮುಗಿಯಿತು. “ಬಸ್ ಪಂಕ್ಚರ್,” ಎಂದು ಕುಳಿತುಬಿಟ್ಟಳು. ಅಮೃತವ್ವ ಬಿದ್ದು ಬಿದ್ದು ನಕ್ಕಳು. ಮೊಮ್ಮಗಳ ಮುಖ ಬಿಳಿಚಿದ್ದು ಅವಳಿಗೂ ಕಂಡಿತು. ದೊಡ್ಡವಳಾಗುವ ಮೊದಲು ಹೀಗೆ ಬಿಳಿಚುತ್ತದೆ ಎಂದು ಉಡಚವ್ವ ಹೇಳಿದ್ದಳು. ಪುಡಿ ಒಂದು ಚಮಚ ಇದ್ದದ್ದು ಎರಡಾಯಿತು.

ಪರೀಕ್ಷೆಯ ಮೊದಲ ದಿನ ಕನ್ನಡ. ಬರೆದು ಬಂದಳು. ಎರಡನೆಯ ದಿನ ಗಣಿತ. ಹನ್ನೊಂದೂವರೆಗೆ ಸಾಬೀರಾ ಅಕ್ಕೋರು ರಿಕ್ಷಾದಲ್ಲಿ ಅವಳನ್ನು ಮಲಗಿಸಿಕೊಂಡು ಮನೆಯ ಮುಂದೆ ಬಂದರು. ಹುಡುಗಿಯ ಬಿಳಿ ಸಲವಾರು ಮೊಣಕಾಲಿನ ತನಕ ಬಿಳಿಯಾಗಿರಲಿಲ್ಲ.

“ಬರ್ರಿ ಲಗೂನ, ದವಾಖಾನಿಗೆ ಹೋಗಬೇಕು,” ಎಂದರು ಅಕ್ಕೋರು.

ಅಮೃತವ್ವ ಸಲವಾರು ನೋಡಿದಳು. ಅವಳ ಮುಖದಲ್ಲಿ ಹೆದರಿಕೆಯೂ ಹಿಗ್ಗೂ ಒಟ್ಟಿಗೆ ಬಂದವು. ರಿಕ್ಷಾ ಹತ್ತುವ ಮೊದಲು ಉಡಚವ್ವನ ಮಗನನ್ನು ಫೋನಿನ ಅಂಗಡಿಗೆ ಓಡಿಸಿದಳು. “ಅಡರಕಟ್ಟಿಗೆ ಹೇಳ. ಸೋದರಮಾವಗ ಮೊದಲ ಹೇಳಬೇಕು. ನಮ್ಮ ಹುಡುಗಿ ಆದ್ಳು ಅಂತ ಹೇಳ.”

ದಾರಿಯುದ್ದಕ್ಕೂ ಮೊಮ್ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, “ಏನಿಲ್ಲವ್ವ, ಒಮ್ಮೆಲೆ ಆಗೇತಿ, ಅದಕ್ಕ ಚಕ್ಕರ ಬಂದೈತಿ,” ಎನ್ನುತ್ತಿದ್ದಳು. ಮುತ್ತವ್ವ ಮಗಳ ಅಂಗಾಲು ತಿಕ್ಕುತ್ತಿದ್ದಳು. ಕಾಲು ಮಾರ್ಚ್ ತಿಂಗಳ ಬಿಸಿಲಿನಲ್ಲೂ ತಣ್ಣಗಿತ್ತು.

ದವಾಖಾನೆಯಲ್ಲಿ ನರ್ಸಬಾಯಿ ಹುಡುಗಿಯ ಕಣ್ಣಿನ ರೆಪ್ಪೆ ಎಳೆದು ನೋಡಿದಳು, ನಾಲಿಗೆ ನೋಡಿದಳು. “ಯಾವಾಗ ದೊಡ್ಡಾಕಿ ಆಗ್ಯಾಳ?”

“ಇವತ್ತರೀ. ಈಗ. ಇದ ಮೊದಲನೇದು,” ಎಂದಳು ಅಮೃತವ್ವ.

“ಒಂದ ದಿನಕ್ಕ ಮೈ ಹಿಂಗ ಬೆಳ್ಳಗಾಗಂಗಿಲ್ಲವ್ವ. ಖರೆ ಹೇಳ್ರಿ. ಎಷ್ಟ ದಿನದಿಂದ ಹೊಂಟೈತಿ? ಖರೆ ಗೊತ್ತಾಗದಿದ್ರ ಔಷಧ ಹೆಂಗ ಕೊಡೂದು?”

“ಖರೇನ ಹೇಳಾಕತ್ತೀನ್ರಿ, ಇದ...”

“ಹದಿನೈದ ದಿನಾತ್ರಿ,” ಎಂದಳು ಮುತ್ತವ್ವ.

ಅಮೃತವ್ವ ತಿರುಗಿದಳು.

“ಮೊದಲನೇದು ಸಂಕ್ರಮಣದ ಮುಂದ. ಇದು ಮೂರನೇದು. ನಿಂತಿಲ್ಲರೀ. ನಾನ ಮುಚ್ಚಿಟ್ಟೀನಿ.”

ಅಮೃತವ್ವ ಗೋಡೆಯನ್ನು ತಡವುತ್ತಾ ಕಟ್ಟಿಗೆಯ ಬಾಕಿನ ಮೇಲೆ ಕುಳಿತಳು. ಸ್ವಲ್ಪ ಹೊತ್ತಿನ ಮೇಲೆ ಡಾಕ್ಟರು ಬಂದರು.

“ಮನ್ಯಾಗ ಏನರ ಕುಡಿಸಿರೇನು? ಗುಳಗಿ, ಕಷಾಯ?”

ಈ ಸಲ ಮುತ್ತವ್ವ ಸುಮ್ಮನಿದ್ದಳು. ಬಾಕಿನ ಮೇಲಿಂದ ಅಮೃತವ್ವನ ದನಿ ಬಂತು. “ನಾನ ಕುಡಿಸೀನ್ರಿ. ಆಗವಲ್ಲಳು ಅಂತ. ಬೇರಿನ ಪುಡಿ. ಚಿಗಳಿ.”

“ಚಿಗಳಿಗೆ ಏನೂ ಆಗಂಗಿಲ್ಲ. ಆ ಪುಡ್ಯಾಗ ಏನಿತ್ತೋ ದೇವರಿಗೆ ಗೊತ್ತು. ಅದಿಲ್ಲದನೂ ಈ ವಯಸ್ಸಿನ್ಯಾಗ ಕೆಲವರಿಗೆ ಹಿಂಗ ಆಗ್ತೈತಿ, ಅದಕ್ಕ ಔಷಧ ಐತಿ. ಹದಿನೈದ ದಿನ ಯಾಕ ಕುಂತಿರಿ, ಅದನ್ನ ಹೇಳ್ರಿ.”

ಮುತ್ತವ್ವ ಮಗಳ ಅಂಗಾಲನ್ನು ಸೆರಗಿನಿಂದ ಮುಚ್ಚಿದಳು.

ರಕ್ತ ಏರಿಸಬೇಕಾಯಿತು. ಸುದ್ದಿ ಕೇಳಿ ಓಡಿಬಂದ ನೀಲಪ್ಪನದು ಹೊಂದಲಿಲ್ಲ, ಮುತ್ತವ್ವನನ್ನು ನೋಡಿಯೇ ನರ್ಸಬಾಯಿ ಬೇಡವೆಂದಳು. ಅಷ್ಟರಲ್ಲಿ ಹೊನ್ನೇಶ ಬಂದ. ಕೈಯಲ್ಲಿ ಪೇಡೆಯ ಪೊಟ್ಟಣವಿತ್ತು, ತಲೆಗೂದಲಲ್ಲಿ ಗಿರಣಿಯ ಹಿಟ್ಟು ಇನ್ನೂ ಇತ್ತು. ಅಮೃತವ್ವ ಅವನನ್ನು ಬಾಗಿಲ ಹೊರಗೇ ಹಿಡಿದು ಎಲ್ಲವನ್ನೂ ಹೇಳಿದಳು. ಅವನು ಪೊಟ್ಟಣವನ್ನು ಬಾಕಿನ ಮೇಲಿಟ್ಟು ಅಂಗಿಯ ತೋಳು ಮಡಚಿದ. ಅವನದು ಹೊಂದಿತು.

ಸಂಜೆ ದವಾಖಾನೆಯ ಬೇವಿನ ಗಿಡದ ಕೆಳಗೆ ಕುಳಿತಿದ್ದ ಅವನ ಹತ್ತಿರ ಮುತ್ತವ್ವ ಹೋದಳು. ಮೊಣಕೈಗೆ ಹತ್ತಿ ಒತ್ತಿ ಹಿಡಿದಿದ್ದ. ಅವಳಿಗೆ ಒಂದೇ ಆಸೆ ಉಳಿದಿತ್ತು: ಅವನಿಗೆ ಸಿಟ್ಟು ಬರಬೇಕು.

“ನಿನಗ ಕೊಡಬಾರದಂತನ ಮುಚ್ಚಿಟ್ಟಿದ್ನಿ ಹೊನ್ನೇಶ. ಮೂರ ತಿಂಗಳ ಸೋದರಮಾವಗ ಹೇಳಲಿಲ್ಲ. ಬ್ಯಾರೆ ಯಾರರ ಆಗಿದ್ರ ಮಾತ ಮುರೀತಿದ್ರು.”

“ಬಂತಕ್ಕ ಸಿಟ್ಟ. ಅತ್ತಿ ಹೇಳಿದಾಗ ಹೊಳ್ಳಿ ಹೋಗಬೇಕಂತ ಮಾಡಿದ್ನಿ. ಆಮ್ಯಾಲ ಆಕಿ ಮಾರಿ ನೋಡಿದೆ.” ಹತ್ತಿಯನ್ನು ತೆಗೆದು ನೋಡಿ ಮತ್ತೆ ಒತ್ತಿದ. “ಇರ್ಲಿ ಬಿಡು. ನಮ್ಮ ಹುಡುಗಿ ಅಲ್ಲೇನು.”

“ಆಕಿ ಇನ್ನೂ ಕೂಸು.”

“ನೀ ಎಷ್ಟರಾಕಿ ಬಂದಿ ಇಲ್ಲಿಗೆ?”

“ಹದಿಮೂರು.”

“ನಡೀತಲ್ಲಕ್ಕ.”

“ಎರಡ ಕೂಸು ಮಣ್ಣಾಗಿಟ್ಟ ಬಂದೀನಿ ಹೊನ್ನೇಶ. ಅದನ್ನ ನಡೀತು ಅಂತಾರೇನು?”

ಹೊನ್ನೇಶ ಪೇಡೆಯ ಪೊಟ್ಟಣವನ್ನು ಅವಳ ಕಡೆ ಸರಿಸಿದ. “ಮುಂಜಾನಿಂದ ಏನೂ ತಿಂದಿಲ್ಲ ನೀ. ತಿನ್ನು.” ಅವನ ದನಿಯಲ್ಲಿ ನಿಜವಾದ ಅಕ್ಕರೆಯಿತ್ತು. ಅದು ಮುತ್ತವ್ವನ ಉಳಿದ ಬಾಗಿಲನ್ನೂ ಮುಚ್ಚಿತು.

ಮನೆಗೆ ಬಂದ ಮೇಲೆ ಅಮೃತವ್ವ ಎರಡು ದಿನ ಸೊಸೆ ಮಾಡಿದ್ದನ್ನು ಉಣ್ಣಲಿಲ್ಲ. ದೇವರ ಗೂಡನ್ನು ತೊಳೆದಳು, ದೀಪದ ಕಂಬವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ತಿಕ್ಕುತ್ತಾ ಅತ್ತಳು.

“ಮೂರ ತಿಂಗಳ ನನ್ನ ದೇವರಿಗೆ ಮೈಲಿಗಿ ಮಾಡ್ಸಿದಿ. ಅದನ್ನರ ತೊಳದೇನು. ನನ್ನ ಕೈಯಾರೆ ಆಕಿಗೆ ಕುಡಿಸಿದ್ನಲ್ಲ, ಅದನ್ನ ಎಲ್ಲಿ ತೊಳೀಲಿ? ಒಂದ ಮಾತ ಹೇಳಿದ್ರ ಆ ಲೋಟಾ ಹೊರಗ ಚೆಲ್ಲತಿದ್ನಿ.”

“ಹೇಳಿದ್ರ ಮಾರನೇ ದಿನ ಆರತಿಗೆ ಮಣಿ ಹಾಕ್ತಿದ್ರಿ ಅತ್ತಿ.”

“ಹಾಕ್ತಿದ್ನಿ. ಖರೆ,” ಎಂದು ಅಮೃತವ್ವ ಮತ್ತೆ ಕಂಬ ತಿಕ್ಕತೊಡಗಿದಳು.

ಯುಗಾದಿ ಕಳೆದು ಸಾಬೀರಾ ಅಕ್ಕೋರು ಫಾರ್ಮು ಹಿಡಿದುಕೊಂಡು ಬಂದರು. ಬಿಟ್ಟ ಪರೀಕ್ಷೆಯನ್ನು ಜೂನಿನಲ್ಲಿ ಬರೆಸಬಹುದು, ಹಾಸ್ಟೆಲಿನವರಿಗೆ ತಾನೇ ಹೇಳುತ್ತೇನೆ ಎಂದರು. ಮದುವೆಗೆ ಹದಿನೆಂಟು ತುಂಬಬೇಕು, ಕಾಯ್ದೆ ಇದೆ ಎಂದೂ ಹೇಳಿ ನೋಡಿದರು.

“ಲಗ್ನ ಈಗ ಯಾರ ಮಾಡ್ತಾರ್ರಿ? ಮುಂದಿನ ವರ್ಷ ನೋಡೂಣು,” ಎಂದಳು ಅಮೃತವ್ವ. “ಅಂವನ ರಕ್ತ ಆಕಿ ಮೈಯಾಗ ಹರದೈತ್ರಿ ಅಕ್ಕೋರ. ಇನ್ನ ಯಾರಿಗೆ ಕೊಡೂದು?”

“ಸಹಿ ಮಾಡ್ರಿ ನೀಲಪ್ಪ,” ಎಂದರು ಅಕ್ಕೋರು.

ನೀಲಪ್ಪ ಮಗ್ಗದ ಕುಣಿ ಬಿಟ್ಟು ಮೇಲೇಳಲಿಲ್ಲ. “ನಾ ಮಾತಿಗೆ ತಪ್ಪಾವಲ್ರಿ. ದೊಡ್ಡಾಕಿ ಆಗೂತನಕ ಅಂದಿದ್ನಿ. ಆಮ್ಯಾಲ ಕಳ್ಳತನದಿಂದ ಮೂರ ತಿಂಗಳ ಹೆಚ್ಚಿಗೀನ ಕಲತಾಳ.” ಲಾಳಿ ಅತ್ತಿಂದ ಇತ್ತ ಓಡಿತು. ಅಕ್ಕೋರು ಫಾರ್ಮನ್ನು ರಾಟಿಯ ಮೇಲಿಟ್ಟು ಹೋದರು. ಮೂರು ದಿನ ಅದು ಅಲ್ಲೇ ಇತ್ತು. ನಾಲ್ಕನೆಯ ದಿನ ಯಾರೋ ಅದರಲ್ಲಿ ಕೊಬ್ಬರಿ ಕಟ್ಟಿದ್ದರು.

ಆ ಕೊಬ್ಬರಿ ಆರತಿಗೆ. ಹುಡುಗಿ ಸ್ವಲ್ಪ ಚೇತರಿಸಿಕೊಂಡ ಮೇಲೆ, ತಡವಾದರೂ ಶಾಸ್ತ್ರ ಬಿಡಬಾರದೆಂದು ಅಮೃತವ್ವ ಓಣಿಗೆಲ್ಲ ಹೇಳಿ ಬಂದಳು. ಅಂಗಳದಲ್ಲಿ ಮಣೆ ಹಾಕಿದರು. ಹೊನ್ನೇಶ ಹಸಿರು ಸೀರೆ ತಂದಿದ್ದ. ಸೀರೆ ಎರಡು ಸುತ್ತು ಹೆಚ್ಚೇ ಬಂತು. ರೇಷ್ಮಾ ಅದರೊಳಗೆ ಎಲ್ಲೋ ಕುಳಿತಿದ್ದಳು. ದವಾಖಾನೆಯಿಂದ ಬಂದ ಮೇಲೆ ಅವಳು ಕೇಳಿದ್ದಕ್ಕೆ ಹೂಂ, ಉಹೂಂ ಬಿಟ್ಟು ಬೇರೆ ಮಾತಾಡಿರಲಿಲ್ಲ. ಉಡಿ ತುಂಬುವ ತಟ್ಟೆಯಲ್ಲಿ ಕೊಬ್ಬರಿ ಇತ್ತು, ಸಕ್ಕರೆ ಇತ್ತು, ಬಾಳೆಹಣ್ಣಿತ್ತು. ಚಿಗಳಿ ಇರಲಿಲ್ಲ. “ಚಿಗಳಿ ಎಲ್ಲೆವ್ವ ಅಮೃತವ್ವ?” ಎಂದು ಉಡಚವ್ವ ಕೇಳಿದಾಗ ಅಮೃತವ್ವ, “ಎಳ್ಳಿಗೆ ಹುಳಾ ಬಿದ್ದಿದ್ವು,” ಎಂದಳು.

ಹಾಡು ಮುಗಿಯಿತು. ಹೆಂಗಸರಿಗೆ ಹುಡುಗಿ ಹೀಗೆ ಸುಮ್ಮನೆ ಕುಳಿತದ್ದು ಬೇಸರವಾಯಿತು.

“ಏ ರೇಷ್ಮಾ, ಒಂದು ಮಾಡ ಯಾರದರ. ಕಂಡಕ್ಟರಂದ ಮಾಡ.”

“ಮಂತ್ರೀದ ಮಾಡ.”

“ಅಯ್ಯ, ನಾಚತಾಳ, ಮದಲಗಿತ್ತಿ ಆದ್ಳಲ್ಲ. ಹೊನ್ನೇಶಂದ ಮಾಡ ಹಂಗಾರ.”

ರೇಷ್ಮಾ ತಲೆ ಎತ್ತಿದಳು. ಕೈಗಳು ಹಾಗೆಯೇ ಮಡಿಲಲ್ಲಿದ್ದವು. ಕುತ್ತಿಗೆಯನ್ನು ಸ್ವಲ್ಪ ಮುಂದೆ ಚಾಚಿ, ಬಾಗಿಲ ಕಡೆ ಒಮ್ಮೆ ಕಳ್ಳನೋಟ ನೋಡಿ, ಪಿಸುದನಿಯಲ್ಲಿ ಅಂದಳು:

“ಹೊಟ್ಟಿ ಹಿಡ್ಕೋಬ್ಯಾಡ. ಅಡ್ಯಾಡು. ಮೊದಲಿನಂಗ ನಗು.”

ಉಸಿರೂ ಅದೇ, ನಡುವೆ ಗಂಟಲು ಒಣಗುವುದೂ ಅದೇ. ಅಂಗಳವೆಲ್ಲ ನಕ್ಕಿತು. ಹೊನ್ನೇಶ ಎಲ್ಲರಿಗಿಂತ ಜೋರಾಗಿ ನಕ್ಕ. ಅಮೃತವ್ವ ಒಬ್ಬಳು ನಗಲಿಲ್ಲ. ತಟ್ಟೆಯಲ್ಲಿನ ಕೊಬ್ಬರಿ ಬಟ್ಟಲನ್ನು ಸುಮ್ಮನೆ ಅತ್ತಿಂದ ಇತ್ತ ಸರಿಸುತ್ತಿದ್ದಳು.

“ಯಾರದ ಇದು? ಅಕ್ಕೋರದೇನು?” ಎಂದಳು ಒಬ್ಬಳು.

“ಅಕ್ಕೋರ ಎಲ್ಲಿ ಹಿಂಗ ಮಾತಾಡ್ತಾರ. ನರ್ಸಬಾಯಿದಿರಬೇಕು.”

“ಮುತ್ತವ್ವ, ನಿನಗರ ಗೊತ್ತಾತೇನ? ಯಾರಂಗ ಮಾಡಿದ್ಳು?”

ಮುತ್ತವ್ವ ಆರತಿಯ ತಟ್ಟೆ ಹಿಡಿದು ನಿಂತಿದ್ದಳು. ರೇಷ್ಮಾ ಅವಳನ್ನೇ ನೋಡುತ್ತಿದ್ದಳು, ಅಂದು ಲೋಟದ ಅಂಚಿನ ಮೇಲಿಂದ ನೋಡಿದ ಹಾಗೆ.

“ಇಲ್ಲವ್ವ, ನನಗೂ ತಿಳೀಲಿಲ್ಲ,” ಎಂದಳು ಮುತ್ತವ್ವ. ಮತ್ತೆ, ಎಲ್ಲರೂ ತನ್ನನ್ನೇ ನೋಡುತ್ತಿದ್ದುದರಿಂದ, ಮೊದಲಿನ ಹಾಗೆ ನಕ್ಕಳು.